ಟಿಪಿಯು ಬೆಲ್ಲೋಸ್ ಪದರದಲ್ಲೇ ಸೀಳುತ್ತಿದ್ದರೆ: ನುಣುಪಿಗೂ ಬಲಕ್ಕೂ ಏನು ಮಾಡಬೇಕು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಪುಡಿ ತುಂಬುವ ಪ್ಯಾಕಿಂಗ್ ಮಷಿನ್‌ಗಳ ರಿಪೇರಿ ಕೆಲಸ. ನ್ಯೂಮ್ಯಾಟಿಕ್ ಸಿಲಿಂಡರ್‌ನ ರಾಡ್‌ಗೆ ಹಾಕುವ ಬೆಲ್ಲೋಸನ್ನು (ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಕವಚ) ಟಿಪಿಯು 95ಎ ಫಿಲಮೆಂಟ್‌ನಲ್ಲಿ (ರಬ್ಬರ್‌ನಂಥ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಎಳೆ; 95ಎ ಅದರ ಗಡಸುತನದ ಅಂಕ) 3ಡಿ ಪ್ರಿಂಟರ್‌ನಲ್ಲಿ ನಾವೇ ಪ್ರಿಂಟ್ ಮಾಡಿಕೊಳ್ಳುತ್ತೇವೆ. ಹೊರ ವ್ಯಾಸ 40 ಮಿ.ಮೀ., ಎತ್ತರ 80, ಗೋಡೆ 1.2. ಕರಗಿದ ಎಳೆ ಇಳಿಯುವ ನಾಜಲ್ 0.4, ಉಷ್ಣತೆ 220 ಡಿಗ್ರಿ, ವೇಗ ಸೆಕೆಂಡಿಗೆ 50 ಮಿ.ಮೀ., ಫ್ಯಾನ್ ಪೂರ್ತಿ. ಮೇಲ್ಮೈ ಒರಟು, ಒಳಗೆಲ್ಲ ಕೂದಲಿನಂಥ ಎಳೆಗಳು, ಒಂದೆರಡು ವಾರದಲ್ಲೇ ಮಡಿಕೆಯ ಹತ್ತಿರ ಪದರ ಬಿಟ್ಟುಕೊಂಡು ಸೀಳುತ್ತದೆ. ಅಸಿಟೋನ್ ಹಬೆ ಕೊಟ್ಟರೆ ನುಣುಪಾಗಿ ಗಟ್ಟಿಯೂ ಆಗುತ್ತದೆ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಅಸಿಟೋನ್ ಬೇಡ. ಅದು ಎಬಿಎಸ್ ಪ್ಲಾಸ್ಟಿಕ್ಕಿನ ಮದ್ದು. ಎಬಿಎಸ್ ಅಸಿಟೋನ್‌ನಲ್ಲಿ ಕರಗುತ್ತದೆ, ಹಾಗಾಗಿ ಹಬೆ ತಾಗಿದ ಮೇಲ್ಮೈ ಕರಗಿ ಸಮನಾಗುತ್ತದೆ. ನೀವು ಬಳಸುವಂಥ ಟಿಪಿಯು ಅದರಲ್ಲಿ ಕರಗುವುದಿಲ್ಲ, ಬರೀ ಉಬ್ಬುತ್ತದೆ. ಹೊರಗೆ ತೆಗೆದಿಟ್ಟರೆ ಅಸಿಟೋನ್ ಆರಿ ಹೋಗುತ್ತದೆ, ಪದರದ ಗೆರೆಗಳು ಇದ್ದ ಹಾಗೇ ಇರುತ್ತವೆ. ಅರೆಬರೆ ಅಂಟಿದ್ದ ಪದರಗಳು ಉಬ್ಬಿ ಕುಗ್ಗುವ ಭರದಲ್ಲಿ ಇನ್ನಷ್ಟು ಬಿಟ್ಟುಕೊಳ್ಳಲೂಬಹುದು.

ನೀವು ಒರಟುತನ, ಸೀಳು ಎಂದು ಎರಡು ದೂರು ಬರೆದಿದ್ದೀರಿ. ರಬ್ಬರ್‌ನಂತೆ ಹಿಗ್ಗುವ ವಸ್ತುವಿನಲ್ಲಿ ಇವೆರಡೂ ಒಂದೇ ರೋಗದ ಎರಡು ಲಕ್ಷಣ. ಎರಡು ಪದರಗಳ ನಡುವಿನ ತಗ್ಗು ನಿಜವಾಗಿ ಒಂದು ಕಚ್ಚು. ಬೆಲ್ಲೋಸ್ ಮಡಿಚಿ ಬಿಡಿಸುವಾಗಲೆಲ್ಲ ಎಳೆತವೆಲ್ಲ ಆ ಕಚ್ಚಿನ ತುದಿಗೆ ಬಂದು ಕೂರುತ್ತದೆ. ಸೀಳು ಹುಟ್ಟುವುದು ಅಲ್ಲೇ. ಹುಟ್ಟಿದ ಸೀಳು ನಿಲ್ಲಬೇಕಾದರೆ ಮುಂದಿನ ಪದರದೊಂದಿಗೆ ಬೆಸುಗೆ ಗಟ್ಟಿಯಿರಬೇಕು. ನಿಮ್ಮ ಸೆಟ್ಟಿಂಗ್‌ನಲ್ಲಿ ಕಚ್ಚೂ ಆಳವಾಗಿದೆ, ಬೆಸುಗೆಯೂ ಸಡಿಲ. ಬೆಸುಗೆ ಸರಿಯಿಲ್ಲದ ಭಾಗಕ್ಕೆ ಮೇಲಿಂದ ಎಷ್ಟೇ ನುಣುಪು ಬಳಿದರೂ ಉಳಿಯುವುದಿಲ್ಲ. ಆದ್ದರಿಂದ ತೇವ ಮೊದಲು, ಆಮೇಲೆ ಬೆಸುಗೆ, ಆಕಾರ, ಕಾಯಿಸುವುದು, ಮೇಲ್ಮೈ ಕಟ್ಟಕಡೆಗೆ.

ತೇವದ ವಿಷಯಕ್ಕೆ ಬರೋಣ. ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲೇ ಇರುವ ಸಾಧ್ಯತೆ ಹೆಚ್ಚು. ಟಿಪಿಯು ಗಾಳಿಯಿಂದ ನೀರು ಹೀರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಸ್ಪೂಲ್ (ಫಿಲಮೆಂಟ್ ಸುತ್ತಿದ ಉರುಳೆ) ಒಂದೆರಡು ದಿನದಲ್ಲೇ ಕೆಡುತ್ತದೆ. ಆ ನೀರು ನಾಜಲ್‌ನಲ್ಲಿ ಎರಡು ಅನಾಹುತ ಮಾಡುತ್ತದೆ. ಹಬೆಯಾಗಿ ಗುಳ್ಳೆ ಎಬ್ಬಿಸುವುದು ಕಣ್ಣಿಗೆ ಕಾಣುವ ಅನಾಹುತ: ಮೇಲ್ಮೈ ಒರಟು, ಎಳೆ ಸೋರುವುದು, ಚಟಪಟ ಸದ್ದು ಎಲ್ಲ ಅದರದೇ. ಕಾಣದ ಅನಾಹುತ ಇನ್ನೂ ಕೆಟ್ಟದ್ದು. 220 ಡಿಗ್ರಿಯಲ್ಲಿ ನೀರು ಪಾಲಿಯುರೆಥೇನ್‌ನ ಅಣುಸರಪಳಿಯನ್ನೇ ಕತ್ತರಿಸುತ್ತದೆ. ಸರಪಳಿ ಗಿಡ್ಡವಾದ ಮೇಲೆ ಹಿಗ್ಗುವ ಗುಣವೂ ಹರಿಯದೆ ತಡೆಯುವ ಗುಣವೂ ಹೋಯಿತು, ಮತ್ತೆ ಬರುವುದಿಲ್ಲ. ಒದ್ದೆ ಫಿಲಮೆಂಟ್‌ನಲ್ಲಿ ಪ್ರಿಂಟ್ ಆದ ಭಾಗವನ್ನು ಆಮೇಲೆ ಓವನ್‌ನಲ್ಲಿಟ್ಟು ಒಣಗಿಸಿದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

95ಎ ಸ್ಪೂಲನ್ನು 60ರಿಂದ 65 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ ಒಣಗಿಸಿ. ಇನ್ನೂ ಮೆತ್ತಗಿರುವ 85ಎ ಆದರೆ 50-55 ಡಿಗ್ರಿ ಸಾಕು, ಹೊತ್ತು ಹೆಚ್ಚು ಕೊಡಿ. ಬಿಸಿ ಜಾಸ್ತಿಯಾದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಡಿಯಾರಕ್ಕಿಂತ ತಕ್ಕಡಿ ನಂಬಿ: ಒಣಗಿಸುವ ಮುಂಚೆ ಸ್ಪೂಲ್ ತೂಗಿ, ಆಮೇಲೆ ಎರಡೆರಡು ಗಂಟೆಗೊಮ್ಮೆ ತೂಗಿ. ಕಿಲೋ ಸ್ಪೂಲ್ ಅರ್ಧ ಶೇಕಡಾ ನೀರು ಕುಡಿದಿದ್ದರೆ 5 ಗ್ರಾಂ ಇಳಿಯಬೇಕು. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲೂ ಅದು ಕಾಣುತ್ತದೆ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಪ್ರಿಂಟ್ ಮಾಡುವಾಗಲೂ ಸ್ಪೂಲ್ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲೇ ಇರಲಿ, ಫಿಲಮೆಂಟ್ ಒಂದು ಟ್ಯೂಬಿನ ಮೂಲಕ ಹೊರಬರಲಿ. ಪ್ರಿಂಟ್ ಶುರುಮಾಡುವ ಮುನ್ನ ಗಾಳಿಯಲ್ಲೇ ಒಂದು ಗೇಣು ಎಳೆ ಇಳಿಸಿ ಬೆಳಕಿಗೆ ಹಿಡಿಯಿರಿ. ಎಳೆ ನುಣುಪಾಗಿ, ಒಂದೇ ದಪ್ಪದಲ್ಲಿ ಇಳಿದಿದ್ದರೆ ಸರಿ; ಒಳಗೆ ಚುಕ್ಕಿ ಚುಕ್ಕಿ ಗುಳ್ಳೆ ಕಂಡರೆ ಸ್ಪೂಲ್ ವಾಪಸ್ ಓವನ್‌ಗೆ.

ಒಣ ಫಿಲಮೆಂಟ್ ಕೈಗೆ ಬಂದ ಮೇಲೆ ಬೆಸುಗೆ. ಕೆಳಗಿನ ಪದರದ ಮೇಲೆ ಬಿಸಿ ಗೆರೆ ಕೂತಾಗ ಎರಡರ ಅಣುಸರಪಳಿಗಳೂ ಗಡಿ ದಾಟಿ ಒಂದರೊಳಗೊಂದು ಹೆಣೆದುಕೊಳ್ಳಬೇಕು. ಅದಕ್ಕೆ ಶಾಖವೂ ಬೇಕು, ಒಂದಿಷ್ಟು ಹೊತ್ತೂ ಬೇಕು. ಫ್ಯಾನ್ ಪೂರ್ತಿ ಬಿಟ್ಟು 50 ವೇಗದಲ್ಲಿ ಓಡಿಸಿದರೆ ಎರಡೂ ಸಿಗುವುದಿಲ್ಲ. ಬಹಳಷ್ಟು 95ಎಗಳಿಗೆ 230ರಿಂದ 240 ಡಿಗ್ರಿ, ಫ್ಯಾನ್ ಶೇ 20ರ ಒಳಗೆ, ವೇಗ 15ರಿಂದ 25 ಹೊಂದುತ್ತದೆ. ಗೋಡೆಯ ಹೊರಗೆರೆ, ಒಳಗೆರೆ, ತುಂಬುವ ಗೆರೆ ಎಲ್ಲಕ್ಕೂ ಒಂದೇ ವೇಗ ಕೊಡಿ. ಮೆತ್ತನೆಯ ಫಿಲಮೆಂಟ್ ಅದನ್ನು ತಳ್ಳುವ ಗೇರ್ ಮತ್ತು ನಾಜಲ್ ನಡುವೆ ಸ್ಪ್ರಿಂಗ್‌ನಂತೆ ಅದುಮಿಕೊಂಡಿರುತ್ತದೆ. ವೇಗ ಬದಲಾದ ಕಡೆಯಲ್ಲೆಲ್ಲ ಮೊದಲು ಕಡಿಮೆ, ಆಮೇಲೆ ಹೆಚ್ಚು ಸುರಿಯುತ್ತದೆ, ಗೋಡೆ ಅಲೆಯಲೆಯಾಗುತ್ತದೆ. ಗೇರ್ ಒತ್ತುವ ಸ್ಪ್ರಿಂಗನ್ನೂ ಸ್ವಲ್ಪ ಸಡಿಲಿಸಿ. ಬಿಗಿ ಹೆಚ್ಚಾದರೆ ಫಿಲಮೆಂಟ್ ಚಪ್ಪಟೆಯಾಗಿ ಪಕ್ಕಕ್ಕೆ ನುಸುಳುತ್ತದೆ. ಪ್ರಿಂಟರ್ ಸುತ್ತ ಮುಚ್ಚಿಗೆ ಇದ್ದರೆ ಒಳಗೆ 40 ಡಿಗ್ರಿ ಒಳ್ಳೆಯದು. ತೀರಾ ಬಿಸಿಯಾದರೆ ಫಿಲಮೆಂಟ್ ಗೇರ್ ತಲುಪುವಷ್ಟರಲ್ಲೇ ಮೆತ್ತಗಾಗಿ ಸಿಕ್ಕಿಕೊಳ್ಳುತ್ತದೆ. ಭಾಗ ಕೂರುವ ಬೆಡ್ 40-50 ಡಿಗ್ರಿ ಸಾಕು. ಬೆಡ್ ಮೇಲಿನದು ಪಿಇಐ ಪ್ಲಾಸ್ಟಿಕ್ಕಿನ ಶೀಟ್ ಆದರೆ ತೆಳುವಾಗಿ ಗ್ಲೂ ಸ್ಟಿಕ್ ಬಳಿಯಿರಿ, ಅದು ಅಂಟಲೆಂದಲ್ಲ, ಬಿಡಲೆಂದು. ಟಿಪಿಯು ಬರೀ ಪಿಇಐಗೆ ಎಷ್ಟು ಕಚ್ಚುತ್ತದೆಂದರೆ ಬಿಡಿಸುವಾಗ ಶೀಟೇ ಕಿತ್ತು ಬರುತ್ತದೆ.

ಬೆಸುಗೆ ಆಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. 40 ಮಿ.ಮೀ. ಚೌಕ, 30 ಎತ್ತರದ ಒಂಟಿ ಗೋಡೆಯ ಡಬ್ಬಿಯೊಂದನ್ನು ಪ್ರಿಂಟ್ ಮಾಡಿ, ಒಂದು ಮೂಲೆ ಉದ್ದಕ್ಕೆ ಕತ್ತರಿಸಿ ಬಿಡಿಸಿ. ಅಂಚಿನಲ್ಲಿ ಪದರದ ಗೆರೆಯ ಮೇಲೆ ಸಣ್ಣ ಕತ್ತರಿ ಏಟು ಕೊಟ್ಟು ಕೈಯಲ್ಲಿ ಹರಿಯಿರಿ. ಜಿಪ್ ತೆರೆದ ಹಾಗೆ ಒಂದೇ ಗೆರೆಯಲ್ಲಿ ಸರಕ್ಕನೆ ಹೋದರೆ ಬೆಸುಗೆ ಇಲ್ಲ. ಹರಿಯಲು ಶ್ರಮವಾಗಿ, ಸೀಳು ಅಡ್ಡಾದಿಡ್ಡಿ ಪದರ ದಾಟಿಕೊಂಡು ಹೋಗಿ, ಅಂಚು ಬೆಳ್ಳಗಾಗಿ ಎಳೆದಂತೆ ಕಂಡರೆ ಬೆಸುಗೆ ಕೂಡಿದೆ. ಐದೈದು ಡಿಗ್ರಿ ಏರಿಸುತ್ತ ಮೂರ್ನಾಲ್ಕು ಡಬ್ಬಿ ಮಾಡಿ ನೋಡಿ. ಎಳೆ ಸೋರಿಕೆ ಹೆಚ್ಚಿತೆಂದು ಉಷ್ಣತೆ ಇಳಿಸುವ ಅಭ್ಯಾಸ ಬಹಳ ಮಂದಿಗಿದೆ. ಬೆಲ್ಲೋಸ್‌ನಂಥ ಭಾಗದಲ್ಲಿ ಅದು ಅಂದಕ್ಕೆ ಬಲವನ್ನು ಮಾರಿದಂತೆ. ಅಳತೆ ಹಿಡಿದೇ ಹೇಳಬೇಕಾದ ಸಂದರ್ಭ ಬಂದರೆ, ಅಂದರೆ ಗಿರಾಕಿ ಕೇಳಿದರೆ, 2 ಮಿ.ಮೀ. ದಪ್ಪದ ಹಾಳೆಯನ್ನು ಮಲಗಿಸಿ ಒಂದು, ನಿಲ್ಲಿಸಿ ಒಂದು ಪ್ರಿಂಟ್ ಮಾಡಿ, ಐಎಸ್‌ಒ 37ರ (ರಬ್ಬರ್ ಎಳೆದು ನೋಡುವ ಮಾನದಂಡ) ಡಂಬೆಲ್ ಆಕಾರದ ಡೈನಲ್ಲಿ ಕತ್ತರಿಸಿ, ನಿಮಿಷಕ್ಕೆ 500 ಮಿ.ಮೀ. ವೇಗದಲ್ಲಿ ಎಳೆಸಿ. ನಿಲ್ಲಿಸಿದ್ದು ಎಷ್ಟು ಹಿಗ್ಗಿ ಹರಿಯಿತು, ಮಲಗಿಸಿದ್ದು ಎಷ್ಟು ಹಿಗ್ಗಿ ಹರಿಯಿತು ಎಂಬ ಹೋಲಿಕೆಯೇ ನಿಮ್ಮ ಬೆಸುಗೆಯ ಅಂಕಪಟ್ಟಿ.

ಈಗ ಆಕಾರ. ಬೆಲ್ಲೋಸನ್ನು ನಿಲ್ಲಿಸಿಯೇ ಪ್ರಿಂಟ್ ಮಾಡಬೇಕು, ಬೇರೆ ದಾರಿಯಿಲ್ಲ; ಹಾಗಾಗಿ ಮಡಿಕೆಯ ಎಳೆತ ಪದರಕ್ಕೆ ಅಡ್ಡವಾಗಿಯೇ ಬೀಳುತ್ತದೆ. ಗೋಡೆ ದಪ್ಪ ಮಾಡಿದರೆ ಬಾಳಿಕೆ ಹೆಚ್ಚೀತು ಎಂದು 1.2 ಇಟ್ಟಿದ್ದೀರಿ ಅನಿಸುತ್ತದೆ, ಬಾಗುವ ಭಾಗದಲ್ಲಿ ಲೆಕ್ಕ ಉಲ್ಟಾ. ಮಡಿಕೆಯ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಗೋಡೆಯ ಅರ್ಧ ದಪ್ಪ ಮತ್ತು ಬಾಗಿನ ತ್ರಿಜ್ಯದ ಮೇಲೆ ನಿಂತಿದೆ. ತ್ರಿಜ್ಯ 3 ಮಿ.ಮೀ.ಯಿಂದ 1.5ಕ್ಕೆ ಇಳಿಯುವ ಮಡಿಕೆ ಎಂದಿಟ್ಟುಕೊಳ್ಳಿ: 1.2ರ ಗೋಡೆಯಲ್ಲಿ ಹೊರಮೈ ಶೇ 20 ಹಿಗ್ಗಬೇಕು, 0.9ರ ಗೋಡೆಯಲ್ಲಿ ಶೇ 15. ಬಾಗಿಸಲು ಬೇಕಾದ ಬಲವಂತೂ ದಪ್ಪದ ಘನಕ್ಕೆ ಏರುವುದರಿಂದ 0.9ರದ್ದು 1.2ರ ಅರ್ಧಕ್ಕಿಂತಲೂ ಕಡಿಮೆ. ಮಡಿಕೆಯ ತುದಿಯನ್ನು ಚೂಪಾಗಿ ಬಿಟ್ಟಿದ್ದರೆ ಎಲ್ಲ ಎಳೆತ ಆ ಒಂದೇ ಗೆರೆಗೆ ಸೇರುತ್ತದೆ. ಮಡಿಕೆಯ ಉಬ್ಬಿಗೂ ಕಣಿವೆಗೂ ಎರಡಕ್ಕೂ ಕನಿಷ್ಠ 2 ಮಿ.ಮೀ. ತ್ರಿಜ್ಯದ ಗುಂಡು ಕೊಡಿ.

ಮಡಿಕೆಯ ಇಳಿಜಾರನ್ನು ಸ್ವಲ್ಪ ಹತ್ತಿರದಿಂದ ನೋಡಿ. 45 ಡಿಗ್ರಿ ಇಳಿಜಾರಿನಲ್ಲಿ 0.2 ಮಿ.ಮೀ. ಪದರ ಇಟ್ಟರೆ ಪ್ರತಿ ಗೆರೆಯೂ ಕೆಳಗಿನದಕ್ಕಿಂತ 0.2 ಪಕ್ಕಕ್ಕೆ ಸರಿಯುತ್ತದೆ. 0.45 ಅಗಲದ ಗೆರೆಗೆ ಕೆಳಗೆ ಆಸರೆ ಸಿಗುವುದು 0.25 ಮಾತ್ರ, ಉಳಿದದ್ದು ಗಾಳಿಯಲ್ಲಿ. ಬೆಸುಗೆ ಅರ್ಧಕ್ಕೆ ಇಳಿಯಿತು, ಮೆಟ್ಟಿಲು ಮೆಟ್ಟಿಲಾಗಿ ಮೇಲ್ಮೈಯೂ ಒರಟಾಯಿತು. ನಿಮ್ಮ ಭಾಗ ಮಡಿಕೆಯ ಹತ್ತಿರವೇ ಯಾಕೆ ಸೀಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಗೆರೆ ಅಗಲ ಮಾಡಬೇಕು, ಇಲ್ಲವೇ ಪದರ ತೆಳು ಮಾಡಬೇಕು.

ಅಗಲ ಮಾಡುವುದು ಉತ್ತಮ, ಅದಕ್ಕೆ ಬೆಲ್ಲೋಸ್‌ಗೆಂದೇ ಹೇಳಿ ಮಾಡಿಸಿದಂಥ ಉಪಾಯ ನಿಮ್ಮ ಸ್ಲೈಸರ್‌ನಲ್ಲೇ (ಮಾಡೆಲನ್ನು ಪದರಗಳಾಗಿ ಬಿಡಿಸುವ ಸಾಫ್ಟ್‌ವೇರ್) ಇದೆ: ವೇಸ್ ಮೋಡ್, ಕೆಲವದರಲ್ಲಿ ಸ್ಪೈರಲ್ ಎಂದಿರುತ್ತದೆ. ನಾಜಲ್ 0.6 ಹಾಕಿ, ಗೆರೆಯ ಅಗಲ 0.9, ಪದರ 0.2, ವೇಗ 15 ಇಡಿ. ಇಡೀ ಗೋಡೆ ಒಂದೇ ಗೆರೆಯಲ್ಲಿ ಸುರುಳಿಯಾಗಿ ನಿಲ್ಲದೆ ಏರುತ್ತದೆ. ಪದರದಿಂದ ಪದರಕ್ಕೆ ಹಾರುವ ಜಾಗವೇ ಇಲ್ಲ, ಹಾಗಾಗಿ ಜೋಡಿನ ಗಂಟಿಲ್ಲ. ಖಾಲಿ ಓಡಾಟವಿಲ್ಲ, ಹಾಗಾಗಿ ಕೂದಲೆಳೆಯಿಲ್ಲ, ಫಿಲಮೆಂಟ್ ಹಿಂದಕ್ಕೆಳೆಯುವ ಗೋಜೂ ಇಲ್ಲ. 45 ಡಿಗ್ರಿ ಇಳಿಜಾರಿನಲ್ಲೂ 0.9ರಲ್ಲಿ 0.7 ಆಸರೆ ಸಿಗುತ್ತದೆ. ಸುರಿಯುವ ಪ್ರಮಾಣ ಸೆಕೆಂಡಿಗೆ 2.7 ಘನ ಮಿ.ಮೀ., ನಾಜಲ್ ಪಕ್ಕದಲ್ಲೇ ಗೇರ್ ಇರುವ ಡೈರೆಕ್ಟ್ ಡ್ರೈವ್ ಎಕ್ಸ್‌ಟ್ರೂಡರ್‌ಗೆ ಸಲೀಸು. ಒಂದು ಸುತ್ತಿಗೆ ಎಂಟು ಸೆಕೆಂಡಿನಷ್ಟು, 400 ಪದರ, ಒಂದು ಗಂಟೆಯೊಳಗೆ ಭಾಗ ಕೈಗೆ. ಗೇರ್ ದೂರದಲ್ಲಿದ್ದು ಉದ್ದ ಟ್ಯೂಬಿನ ಮೂಲಕ ತಳ್ಳುವ ಬೌಡೆನ್ ಪ್ರಿಂಟರ್ ಆದರೂ ಈ ವಿಧಾನದಲ್ಲಿ ಸುಧಾರಿಸುತ್ತದೆ, ಏಕೆಂದರೆ ಒತ್ತಡ ಉದ್ದಕ್ಕೂ ಒಂದೇ ಸಮ.

ಎಡವುವುದು ಇಲ್ಲಿ: ವೇಸ್ ಮೋಡ್‌ಗೆ ಟೊಳ್ಳು ಮಾಡೆಲ್ ಕೊಟ್ಟರೆ ಕೆಡುತ್ತದೆ. ಬೆಲ್ಲೋಸನ್ನು ಗಟ್ಟಿ ಗೊಂಬೆಯಂತೆ ಹೊರ ಆಕಾರದಲ್ಲಷ್ಟೇ ಬಿಡಿಸಿ, ತಳ ಮತ್ತು ಮೇಲಿನ ಪದರಗಳನ್ನು ಸೊನ್ನೆ ಮಾಡಿ. ಒಳ ವ್ಯಾಸ ಆಗ ಹೊರ ವ್ಯಾಸಕ್ಕಿಂತ 1.8 ಕಡಿಮೆ ಬರುತ್ತದೆ, ರಾಡ್‌ಗೆ ತಾಗದಂತೆ ಅದನ್ನು ಲೆಕ್ಕ ಹಾಕಿಕೊಳ್ಳಿ. ಎರಡೂ ತುದಿಗೆ 10 ಮಿ.ಮೀ. ನೇರ ಕೊಳವೆ ಬಿಟ್ಟರೆ ಹೋಸ್ ಕ್ಲಿಪ್ ಕೂರುತ್ತದೆ. ಒಂಟಿ ಗೆರೆಯಾದ್ದರಿಂದ ಫಿಲಮೆಂಟ್ ಒಂದು ಕ್ಷಣ ಜಾರಿದರೂ ತೂತು. ಹರಿವನ್ನು ಶೇ 102ರಿಂದ 105ಕ್ಕೆ ಏರಿಸಿ, ಮುಗಿದ ಭಾಗದ ಒಳಗೆ ಟಾರ್ಚ್ ಬಿಟ್ಟು ಕತ್ತಲಲ್ಲಿ ಒಮ್ಮೆ ನೋಡಿ. ಇಳಿಜಾರಿನ ಕೆಳಮೈ ಜೋಲುತ್ತಿದ್ದರೆ ಫ್ಯಾನ್ ಹೆಚ್ಚಿಸುವ ಮುನ್ನ ಇಳಿಜಾರನ್ನೇ ಇನ್ನಷ್ಟು ಕಡಿದಾಗಿಸಿ.

ಪ್ರಿಂಟ್ ಆದದ್ದನ್ನು ಅದೇ ದಿನ ಮಷಿನ್‌ಗೆ ಹಾಕಬೇಡಿ. ಟಿಪಿಯುವಿನ ಅಣುಸರಪಳಿಯಲ್ಲಿ ಮೃದು ತುಂಡು, ಗಟ್ಟಿ ತುಂಡು ಎಂದು ಎರಡಿರುತ್ತವೆ. ಗಟ್ಟಿ ತುಂಡುಗಳು ಒಟ್ಟುಗೂಡಿ ಗಂಟು ಕಟ್ಟಿಕೊಂಡರೇ ಎಳೆದದ್ದು ವಾಪಸ್ ಬರುವುದು. ಆ ಗಂಟು ಪೂರ್ತಿ ಕಟ್ಟಲು ಕೋಣೆಯ ಉಷ್ಣತೆಯಲ್ಲಿ ದಿನಗಟ್ಟಲೆ ಹಿಡಿಯುತ್ತದೆ. ಓವನ್‌ನಲ್ಲಿ 80 ಡಿಗ್ರಿಗೆ 16 ಗಂಟೆ ಇಟ್ಟರೆ ಕೆಲಸ ಬೇಗ ಆಗುತ್ತದೆ. ಅಚ್ಚಿನಲ್ಲಿ ಮಾಡಿದ ಟಿಪಿಯು ಭಾಗಗಳಿಗೂ ಕಾರ್ಖಾನೆಗಳಲ್ಲಿ ಇದನ್ನೇ ಮಾಡುತ್ತಾರೆ. ಒಳಗೆ ಉಳಿದ ಬಿಗಿತ ಸಡಿಲುತ್ತದೆ, ಅದುಮಿ ಬಿಟ್ಟಾಗ ಚಪ್ಪಟೆಯಾಗಿಯೇ ಉಳಿಯುವ ಚಾಳಿ ಕಡಿಮೆಯಾಗುತ್ತದೆ. ಆದರೆ ಪದರದ ನಡುವೆ ಉಳಿದ ಸಂದು ಇದರಿಂದ ಮುಚ್ಚುವುದಿಲ್ಲ. ಅಷ್ಟಕ್ಕೆ ಬೇಕಾದ ಬಿಸಿ ಕೊಟ್ಟರೆ ಬೆಲ್ಲೋಸ್ ಕುಸಿದು ಮುದ್ದೆಯಾಗುತ್ತದೆ. ಒಳಗೆ ಸಡಿಲವಾಗಿ ಕೂರುವ ಅಲ್ಯೂಮಿನಿಯಂ ಪೈಪಿಗೆ ತೊಡಿಸಿ ನಿಲ್ಲಿಸಿ, ಓವನ್‌ನ ಡಯಲ್ ನಂಬದೆ ಬೇರೊಂದು ಥರ್ಮಾಮೀಟರ್ ಇಡಿ, ಮುಗಿದ ಮೇಲೆ ಓವನ್ ಒಳಗೇ ತಣಿಯಲು ಬಿಡಿ. ಅಳತೆ ತುಸು ಬದಲಾಗುತ್ತದೆ. ಮೊದಲ ಭಾಗವನ್ನು ಕಾಯಿಸುವ ಮುಂಚೆಯೂ ಆಮೇಲೂ ಕ್ಯಾಲಿಪರ್‌ನಲ್ಲಿ ಅಳೆದು ಡ್ರಾಯಿಂಗ್ ತಿದ್ದಿಕೊಳ್ಳಿ.

ಇನ್ನು ಮೇಲ್ಮೈ. ಮರಳು ಕಾಗದದಿಂದ ಉಜ್ಜಿದರೆ ಟಿಪಿಯು ಸವೆಯುವುದಿಲ್ಲ, ಜುಂಗು ಏಳುತ್ತದೆ. ಡ್ರೈ ಐಸ್‌ನಲ್ಲಿ ಹುದುಗಿಸಿ ಗಡುಸಾದಾಗ ಒಂದೆರಡು ನಿಮಿಷ ಉಜ್ಜಲು ಬರುತ್ತದೆ, ಕ್ಲಿಪ್ ಕೂರುವ ಕೊಳವೆಯ ಮೇಲೊಂದು ಗಂಟಿದ್ದರೆ ಅಷ್ಟಕ್ಕೆ ಸಾಕು. ಕೂದಲೆಳೆಗಳಿಗೆ ಹಾಟ್ ಏರ್ ಗನ್ ದೂರದಿಂದ ಒಂದು ಸಲ ಸುಳಿಸಿದರೆ ಮುದುಡಿಕೊಳ್ಳುತ್ತವೆ. ಲೈಟರ್ ಹಿಡಿದರೆ ಮಸಿ ಹತ್ತುತ್ತದೆ.

ಕರಗಿಸುವ ದ್ರಾವಕಗಳಿಲ್ಲವೇ ಎಂದರೆ ಇವೆ: ಟಿಎಚ್‌ಎಫ್, ಡಿಎಂಎಫ್, ಸೈಕ್ಲೋಹೆಕ್ಸನೋನ್ ಟಿಪಿಯು ಕರಗಿಸುತ್ತವೆ. ಆದರೆ ಟಿಎಚ್‌ಎಫ್ ಹಬೆ ಸೊನ್ನೆಗಿಂತ 14 ಡಿಗ್ರಿ ಕೆಳಗೇ ಕಿಡಿಗೆ ಹತ್ತಿಕೊಳ್ಳುತ್ತದೆ, ನೆಲದ ಮೇಲೆ ಹರಿದು ದೂರದ ಸ್ವಿಚ್ಚಿನ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ, ಬಾಟಲಿಯಲ್ಲಿ ಹಳತಾದರೆ ಸಿಡಿಯುವ ಪೆರಾಕ್ಸೈಡ್ ಕಟ್ಟುತ್ತದೆ. ಡಿಎಂಎಫ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ, ಗರ್ಭಕ್ಕೂ ಯಕೃತ್ತಿಗೂ ಅಪಾಯ. ಪಾತ್ರೆ, ಒಲೆ, ಮುಚ್ಚಳದ ಪ್ರಯೋಗ ಶೆಡ್‌ನಲ್ಲಿ ಮಾಡಲೇಬೇಡಿ. ಹಬೆ ನುಣುಪು ಮಾಡುವ ಯಂತ್ರಗಳು ಬೇರೆ ಬಗೆಯವು: ಮುಚ್ಚಿದ ನಿರ್ವಾತ ಕೋಣೆಯಲ್ಲಿ ದ್ರಾವಕದ ಆವಿ ಭಾಗದ ಮೇಲೆ ಇಬ್ಬನಿಯಾಗಿ ಕೂತು ಹೊರಪೊರೆಯನ್ನಷ್ಟೇ ಕರಗಿಸುತ್ತದೆ, ಆಮೇಲೆ ಯಂತ್ರವೇ ಅದನ್ನು ಹೀರಿ ವಾಪಸ್ ತೆಗೆದುಕೊಳ್ಳುತ್ತದೆ. ಇದರ ನಿಜವಾದ ಲಾಭ ಪುಡಿಯಿಂದ ಲೇಸರ್‌ನಲ್ಲಿ ಬೆಸೆದ ಎಸ್‌ಎಲ್‌ಎಸ್ ಟಿಪಿಯುಗೆ. ಅಲ್ಲಿ ಮೇಲ್ಮೈ ತುಂಬ ಅರೆ ಕರಗಿದ ಪುಡಿಕಣಗಳು, ಪ್ರತಿಯೊಂದರ ಬುಡದಲ್ಲೂ ಒಂದೊಂದು ಕಚ್ಚು. ಹೊರಪೊರೆ ಕರಗಿ ಸಮನಾದರೆ ತೂತು ಮುಚ್ಚುತ್ತವೆ, ಹರಿಯುವ ಮುಂಚೆ ಹಿಗ್ಗುವ ಪ್ರಮಾಣವೂ ಏರುತ್ತದೆ. ಒಂದೇ ಸಲಕ್ಕೆ ಐವತ್ತು ನೂರು ಭಾಗ ಬೇಕಿದ್ದರೆ ಪ್ರಿಂಟಿಂಗ್ ಸೇವೆ ಕೊಡುವವರಲ್ಲಿ ಎಸ್‌ಎಲ್‌ಎಸ್ ಮತ್ತು ಹಬೆ ನುಣುಪು ಎರಡಕ್ಕೂ ಸೇರಿಸಿ ದರ ಕೇಳಿ. ದ್ರಾವಕ ಪೂರ್ತಿ ಬಿಟ್ಟಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಒಳಗೆ ಉಳಿದರೆ ಭಾಗ ಮೆತ್ತಗೆ, ವಾಸನೆಯಾಗಿರುತ್ತದೆ.

ನಿಮ್ಮ ಮಟ್ಟಿಗೆ ಸರಿಯಾದದ್ದು ಲೇಪ: ನೀರಿನಲ್ಲಿ ಬೆರೆಸಿದ ಪಾಲಿಯುರೆಥೇನ್, ವ್ಯಾಪಾರದಲ್ಲಿ ಪಿಯು ಡಿಸ್ಪರ್ಶನ್ ಎನ್ನುತ್ತಾರೆ. ಚರ್ಮದ ಫಿನಿಶಿಂಗ್‌ಗೆ ಬಳಸುವುದೂ ಇದನ್ನೇ. ಕೊಳ್ಳುವಾಗ ಬಣ್ಣ, ಹೊಳಪು ನೋಡಬೇಡಿ. ಒಣಗಿದ ಪೊರೆ ಹರಿಯುವ ಮುಂಚೆ ಎಷ್ಟು ಹಿಗ್ಗುತ್ತದೆ ಎಂದು ಡೇಟಾ ಶೀಟ್‌ನಲ್ಲಿ ನೋಡಿ, ಶೇ 300ಕ್ಕಿಂತ ಹೆಚ್ಚಿರಲಿ. ಎಪಾಕ್ಸಿ, ಕಾರಿನ ಸ್ಪ್ರೇ ಪೇಂಟ್, ಮರದ ವಾರ್ನಿಶ್ ಹಾಕಿದರೆ ಭಾಗ ಬರೀ ಅಂದಗೆಡುವುದಿಲ್ಲ, ಬಲವೂ ಇಳಿಯುತ್ತದೆ: ಗಡುಸು ಪೊರೆ ಬಿರಿದಾಗ ಆ ಬಿರುಕಿನ ತುದಿ ಕೆಳಗಿನ ಮೆತ್ತನೆ ಗೋಡೆಗೆ ಚಾಕುವಿನಂತೆ ನಾಟುತ್ತದೆ. ಸಿಲಿಕೋನ್ ಸೀಲಂಟ್ ಟಿಪಿಯುಗೆ ನೆಚ್ಚಿಕೆಯಾಗಿ ಹಿಡಿಯುವುದಿಲ್ಲ, ಸಿಲಿಕೋನ್ ಸ್ಪ್ರೇ ಸೋಕಿದ ಕೈಯಲ್ಲೂ ಭಾಗ ಮುಟ್ಟಬೇಡಿ.

ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಒದ್ದೆ ಮಾಡಿದ ಬಟ್ಟೆಯಿಂದ ಭಾಗವನ್ನು ಒರೆಸಿ, ಆರಲು ಬಿಡಿ. ಲೇಪ ಹಾಲಿನಷ್ಟು ತೆಳುವಾಗುವವರೆಗೆ ನೀರು ಬೆರೆಸಿ, ಅದ್ದಿ ನಿಧಾನಕ್ಕೆ ಎತ್ತಿ, ಕಡ್ಡಿಗೆ ಸಿಕ್ಕಿಸಿ ಅಡ್ಡ ಹಿಡಿದು ತಿರುಗಿಸುತ್ತಿರಿ. ನಿಲ್ಲಿಸಿಬಿಟ್ಟರೆ ಕಣಿವೆಗಳಲ್ಲಿ ತುಂಬಿಕೊಳ್ಳುತ್ತದೆ, ದಪ್ಪ ಕೂತಲ್ಲಿ ಒಣಗುವಾಗ ಕೆರೆಯಂಗಳದ ಮಣ್ಣಿನಂತೆ ಬಿರಿಯುತ್ತದೆ. ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ 60 ಡಿಗ್ರಿಯಲ್ಲಿ ಅರ್ಧ ಗಂಟೆ. ಹೀಗೆ ಮೂರು ತೆಳು ಪದರ. ನೀರು, ಎಣ್ಣೆ ತಾಗುವ ಜಾಗವಾದರೆ ಆ ಲೇಪಕ್ಕೆ ಹೊಂದುವ, ಅಣುಸರಪಳಿಗಳನ್ನು ಒಂದಕ್ಕೊಂದು ಕಟ್ಟುವ ಕ್ರಾಸ್‌ಲಿಂಕರ್ ಕೊಡಿ ಎಂದು ಮಾರುವವರನ್ನೇ ಕೇಳಿ, ಅವರು ಹೇಳಿದ ಪ್ರಮಾಣದಲ್ಲೇ ಬೆರೆಸಿ. ಬೆರೆಸಿದ್ದು ಕೆಲವೇ ಗಂಟೆ ಬಾಳುತ್ತದೆ, ಗ್ಲೌಸ್ ಕಡ್ಡಾಯ. ಪದರದ ತಗ್ಗು ತುಂಬಿ ಪುಡಿ ಕೂರದಂತಾಗುತ್ತದೆ, ಸೂಜಿಮೊನೆಯ ತೂತುಗಳು ಮುಚ್ಚುತ್ತವೆ. ಬೆಸುಗೆಯ ಕೊರತೆಯನ್ನಂತೂ ಲೇಪ ತುಂಬಿಕೊಡುವುದಿಲ್ಲ.

ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವ ರೆಸಿನ್ ಪ್ರಿಂಟರ್‌ನ ಫ್ಲೆಕ್ಸಿಬಲ್ ರೆಸಿನ್‌ಗೆ ಹೋಗೋಣವೇ ಎಂದು ಮುಂದೆ ಯೋಚನೆ ಬರಬಹುದು. ನುಣುಪು ಅಲ್ಲಿ ಸುಲಭ, ಬಲ ಕಷ್ಟ. ಸಾಮಾನ್ಯ ಫ್ಲೆಕ್ಸಿಬಲ್ ರೆಸಿನ್‌ಗಳು ಸಣ್ಣ ಕಚ್ಚಿಗೇ ಹರಿಯುತ್ತವೆ, ಬೆಳಕು ಬೀಳುತ್ತ ಹೋದಂತೆ ಗಡುಸಾಗುತ್ತವೆ. 2017ರಲ್ಲಿ ಅಡಿಡಾಸ್ ತೋರಿಸಿದ ಫ್ಯೂಚರ್‌ಕ್ರಾಫ್ಟ್ 4ಡಿ ಬೂಟಿನ ಅಟ್ಟೆ ಹಾಗಲ್ಲ: ಕಾರ್ಬನ್ ಕಂಪನಿಯ ಆ ರೆಸಿನ್‌ಗೆ ಬೆಳಕು ಆಕಾರ ಕೊಡುತ್ತದೆ, ಆಮೇಲೆ ಓವನ್‌ನ ಶಾಖದಲ್ಲಿ ಎರಡನೆಯ ರಾಸಾಯನಿಕ ಕ್ರಿಯೆ ನಡೆದು ಪಾಲಿಯುರೆಥೇನ್ ಬಲ ಬರುತ್ತದೆ. ಅಂಗಡಿಯಲ್ಲಿ ಸಿಗುವ ಒಂದೇ ಬಾಟಲಿಯ ರೆಸಿನ್‌ನಿಂದ ಅದನ್ನು ನಿರೀಕ್ಷಿಸಬೇಡಿ.

ಫಿಲಮೆಂಟ್ ಕೊಳ್ಳುವಾಗ ಪಾಲಿಎಸ್ಟರ್ ಬಗೆಯೋ ಪಾಲಿಈಥರ್ ಬಗೆಯೋ ಕೇಳಿ. ಎಣ್ಣೆ, ಸವೆತ ಹೆಚ್ಚಿದ್ದರೆ ಪಾಲಿಎಸ್ಟರ್. ಮಷಿನನ್ನು ದಿನವೂ ಬಿಸಿನೀರಿನಲ್ಲಿ ತೊಳೆಯುವ ಕಡೆ ಪಾಲಿಎಸ್ಟರ್ ನೀರಿಗೇ ಕೊಳೆತು ಬಿರಿಯುತ್ತದೆ, ಅಲ್ಲಿಗೆ ಪಾಲಿಈಥರ್.

ಗಿರಾಕಿಯ ಮಷಿನ್‌ಗೆ ಹಾಕುವ ಮುಂಚೆ ಎರಡು ಪರೀಕ್ಷೆ. ಒಂದು ತುದಿಗೆ ಬಿರಡೆ, ಇನ್ನೊಂದಕ್ಕೆ ರೆಗ್ಯುಲೇಟರ್‌ನಿಂದ 0.1 ಬಾರ್ ಗಾಳಿ, ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಆಮೇಲೆ ಶೆಡ್‌ನಲ್ಲಿರುವ ಯಾವುದಾದರೂ ಸಿಲಿಂಡರ್‌ಗೆ ಕಟ್ಟಿ, ಸೆಕೆಂಡಿಗೆ ಒಂದು ಸ್ಟ್ರೋಕ್‌ನಂತೆ ಓಡಲು ಬಿಡಿ. 10,000 ಸ್ಟ್ರೋಕ್ ಮೂರು ಗಂಟೆಯೊಳಗೆ ಮುಗಿಯುತ್ತದೆ. ನಿಲ್ಲಿಸಿ, ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ಕಣಿವೆಯಲ್ಲಿ ಬಿಳಿ ಗೆರೆ ಮೂಡಿದೆಯೇ ನೋಡಿ. ಬಿಳಿ ಗೆರೆ ಒಂದೇ ಪದರದ ಉದ್ದಕ್ಕೆ ಹರಿದಿದ್ದರೆ ಉಷ್ಣತೆ ಮತ್ತು ತೇವದ ಕಡೆಗೆ ಹಿಂತಿರುಗಿ; ಹಲವು ಪದರಕ್ಕೆ ಹರಡಿದ್ದರೆ ತ್ರಿಜ್ಯ ಸಣ್ಣದಾಗಿದೆ, ಡ್ರಾಯಿಂಗ್ ತಿದ್ದಿ. ಇಷ್ಟಾದ ಮೇಲೂ ಸೀಳುವಷ್ಟು ಉದ್ದದ ಸ್ಟ್ರೋಕ್ ಇದ್ದರೆ ಬೆಲ್ಲೋಸ್ ಬದಲು ಅದರ ಅಚ್ಚನ್ನು ಪ್ರಿಂಟ್ ಮಾಡಿ, ಎರಡು ಭಾಗ ಬೆರೆಸಿ ಸುರಿಯುವ ಶೋರ್ 60ಎ ಪಾಲಿಯುರೆಥೇನ್ ಹೊಯ್ಯಿರಿ. ಅದರಲ್ಲಿ ಪದರವೇ ಇರುವುದಿಲ್ಲ.